ಇಬ್ಬರೇ ಕೂಡುವ ಗಾಡಿ: ಕಲಬುರಗಿಯ ವೈಂಡಿಂಗ್ ಅಂಗಡಿಯವರ ಸ್ಪೋರ್ಟ್ಸ್ ಕಾರು, ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮಾಲೀಕರಿಗೆ ಗಾಡಿ ಕೊಂಡಾಗ 46 ವರ್ಷ. ಕಲಬುರಗಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ, ಇಬ್ಬರು ಕೆಲಸದ ಹುಡುಗರು, ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಹೆಂಡತಿ, ಇಬ್ಬರು ಮಕ್ಕಳು, ಮನೆ ಮುಂದೆ ಹಳೆಯದೊಂದು ಹ್ಯಾಚ್‌ಬ್ಯಾಕ್. ಬಡಾವಣೆಯ ಹೆಸರು, ಗಾಡಿಯ ಬಣ್ಣ, ನಂಬರ್ ಬಿಟ್ಟಿದ್ದೇವೆ. ಅವರು ಅಂಗಡಿಯ ಮೋಟಾರುಗಳಿಗೆ ಇಡುವಂತೆಯೇ ಗಾಡಿಗೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ: ತಾರೀಖು, ಕಿಲೋಮೀಟರ್, ಪೆಟ್ರೋಲ್, ಖರ್ಚು, ಕೊನೆಯಲ್ಲಿ "ಯಾಕೆ ಹೋದದ್ದು" ಎಂಬ ಕಾಲಂ. ಇಲ್ಲಿನ ಲೆಕ್ಕವೆಲ್ಲ ಆ ನೋಟ್‌ಬುಕ್ಕಿನದು. ಕೊನೆಯ ಆ ಕಾಲಂ ಇಲ್ಲದಿದ್ದರೆ ಈ ಪ್ರಕರಣ ಬರೆಯುವಂಥದ್ದೇ ಆಗುತ್ತಿರಲಿಲ್ಲ.

2022ರ ಮಧ್ಯದಲ್ಲಿ ಅವರ ಕೈಯಲ್ಲಿ ಒಂಬತ್ತು ವರ್ಷ ಕೂಡಿಟ್ಟ 22 ಲಕ್ಷ ರೂಪಾಯಿ ಇತ್ತು. ಮನೆಯವರ ಲೆಕ್ಕದಲ್ಲಿ ಅದು ಹೊಸ ಎಸ್‌ಯುವಿಯ ದುಡ್ಡು. ಆರೇಳು ಮಂದಿ ಕೂಡುವ ಗಾಡಿ ಬಂದರೆ ಗಾಣಗಾಪುರಕ್ಕೆ ಎಲ್ಲರೂ ಒಮ್ಮೆಗೇ ಹೋಗಬಹುದು ಎಂಬ ಆಸೆ. ಮಾಲೀಕರು ಕೊಂಡದ್ದು 2011ರ ಬಿಎಂಡಬ್ಲ್ಯು ಝಡ್4 ಎಸ್‌ಡ್ರೈವ್35ಐ, ಎರಡೇ ಸೀಟು, ಮಡಚಿ ಡಿಕ್ಕಿಯೊಳಗೆ ಹೋಗುವ ಗಟ್ಟಿ ಛತ್ತು.

ಇದನ್ನು ಹುಚ್ಚು ಎಂದು ಬದಿಗೆ ತಳ್ಳುವುದು ಸುಲಭ. ಅವರ ಲೆಕ್ಕ ಹುಚ್ಚಿನದಾಗಿರಲಿಲ್ಲ. ಹೊಸದರಲ್ಲಿ ಅರ್ಧ ಕೋಟಿ ದಾಟಿದ್ದ ಗಾಡಿ ಅದು. ಬೆಲೆ ಬೀಳುವಷ್ಟು ಮೊದಲ ಮಾಲೀಕರ ಕೈಯಲ್ಲೇ ಬಿದ್ದು, 61,000 ಕಿ.ಮೀ. ಓಡಿದ ಮೇಲೆ ಇವರಿಗೆ ಸಿಕ್ಕಿದ್ದು 19.40 ಲಕ್ಷಕ್ಕೆ. ಹೊಸ ಎಸ್‌ಯುವಿ ಶೋರೂಮಿನಿಂದ ಹೊರಬಿದ್ದ ದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುತ್ತದೆ, ಹಳೆಯ ಸ್ಪೋರ್ಟ್ಸ್ ಕಾರಿನ ಇಳಿತ ಅಷ್ಟು ಹೊತ್ತಿಗೆ ನಿಧಾನವಾಗಿರುತ್ತದೆ. ಇಷ್ಟರ ಮಟ್ಟಿಗೆ ಅವರು ಯೋಚಿಸಿದ್ದು ಸರಿ. ರಿಪೇರಿಯ ಖರ್ಚು ಮಾತ್ರ ಗಾಡಿಯ ಇವತ್ತಿನ ಬೆಲೆಯ ಹಿಂದೆ ಇಳಿಯುವುದಿಲ್ಲ, ಅರ್ಧ ಕೋಟಿಯ ಮಟ್ಟದಲ್ಲೇ ನಿಂತಿರುತ್ತದೆ. ಅದು ಮೊದಲ ವರ್ಷದಲ್ಲೇ ಗೊತ್ತಾಯಿತು.

ದುಡ್ಡು ಬಿಟ್ಟು ಬೇರೆ ಕಾರಣವೂ ಇತ್ತು. ಈ ಗಾಡಿಯದು ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ, ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊಗಳ ಮೂರು ಲೀಟರ್ ಎಂಜಿನ್, ಎನ್54. 306 ಕುದುರೆ ಶಕ್ತಿ, ಅಂದರೆ ಹೊಲದ 5 ಎಚ್‌ಪಿ ಪಂಪು ಅರವತ್ತೊಂದು. ಆದರೆ ವೈಂಡಿಂಗ್ ಮಾಡುವವರ ಕಿವಿ ಕುದುರೆ ಎಣಿಸುವುದಿಲ್ಲ. ಸಾಲಿನ ಆರು ಸಿಲಿಂಡರಿನಲ್ಲಿ ಪಿಸ್ಟನ್‌ಗಳು ಜೋಡಿ ಜೋಡಿಯಾಗಿ ಏರಿಳಿಯುತ್ತವೆ: ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು. ಜೋಡಿ ಜೋಡಿಗೂ ನಡುವೆ 120 ಡಿಗ್ರಿ. ಹಾಗಾಗಿ ಒಂದರ ಜಗ್ಗಾಟವನ್ನು ಇನ್ನೊಂದು ತಿಂದುಹಾಕುತ್ತದೆ, ನಾಲ್ಕು ಸಿಲಿಂಡರಿನಲ್ಲಿ ಉಳಿಯುವ ಸಣ್ಣ ನಡುಕ ಇದರಲ್ಲಿ ಉಳಿಯುವುದಿಲ್ಲ. ಸಿಂಗಲ್ ಫೇಸ್ ಮೋಟಾರು ಗುಂಯ್‌ಗುಟ್ಟುತ್ತಾ ತಿರುಗುತ್ತದೆ, ತ್ರೀ ಫೇಸಿನದು ಸದ್ದಿಲ್ಲದೆ ಒಂದೇ ಸಮ ಎಳೆಯುತ್ತದೆ. ಅಲ್ಲಿಯೂ ಫೇಸುಗಳ ನಡುವಿನ ಅಂತರ ಅದೇ 120 ಡಿಗ್ರಿ. ಮೂವತ್ತು ವರ್ಷ ಆ ಎರಡರ ವ್ಯತ್ಯಾಸವನ್ನು ಅಂಗೈಯಲ್ಲಿ ಹಿಡಿದು ಬದುಕಿದವರಿಗೆ ಇಂಥ ಎಂಜಿನ್ನಿನ ಮೇಲೆ ಕೈಯಿಟ್ಟಾಗ ಏನನ್ನಿಸುತ್ತದೆ ಎಂದು ಬೇರೆ ವಿವರಿಸಬೇಕಿಲ್ಲ. "ಇದು ತ್ರೀ ಫೇಸ್ ಅದ ನೋಡ್ರಿ" ಎಂದಷ್ಟೇ ಹೇಳಿದ್ದರಂತೆ, ಬಾನೆಟ್ ತೆರೆದಾಗ.

ಎರಡು ಗಾಡಿ ನೋಡಿದ್ದರು. ಮೊದಲನೆಯದು ಹೈದರಾಬಾದಿನದು, ಒಂದೂವರೆ ಲಕ್ಷ ಅಗ್ಗ. ಅದನ್ನು ಬಿಟ್ಟದ್ದಕ್ಕೆ ಎರಡು ಕಾರಣ. ತೆಲಂಗಾಣದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕರ್ನಾಟಕದಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಅದಕ್ಕೆ ಆಜೀವ ತೆರಿಗೆ ಬೇರೆ. ತೆರಿಗೆ ಲೆಕ್ಕ ಹಾಕುವುದು ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಈಗಿನ ವಯಸ್ಸಿನ ಮೇಲೆ, ಇವರು ಕೊಟ್ಟ ದುಡ್ಡಿನ ಮೇಲಲ್ಲ. ಅಗ್ಗದ ಒಂದೂವರೆ ಲಕ್ಷ ಅಲ್ಲಿಗೆ ಕರಗುತ್ತಿತ್ತು. ಎರಡನೆಯದು ಶಬ್ದ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟರ್ಬೊ ಪಕ್ಕದ ಬ್ರಾಕೆಟ್ಟಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟರು. ಬೇರಿಂಗ್ ಪರೀಕ್ಷೆಗೆ ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ ಇದು. ಎರಡು ಸಾವಿರ ಆರ್‌ಪಿಎಂಗೆ ಏರಿಸಿ ಕಾಲು ಬಿಟ್ಟಾಗ ಒಂದು ಸೆಕೆಂಡು, ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಸದ್ದು. ವೇಸ್ಟ್‌ಗೇಟ್, ಅಂದರೆ ಟರ್ಬೊಗೆ ಹೆಚ್ಚಾದ ಹೊಗೆಯನ್ನು ಹೊರಬಿಡುವ ಬಾಗಿಲು, ಅದರ ತೋಳಿನ ಬುಷ್ ಸವೆದಿದೆ ಎಂಬುದರ ಗುರುತು ಅದು. ಬುಷ್ ಒಂದನ್ನೇ ಬದಲಿಸುವುದು ಕಷ್ಟ, ಕೊನೆಗೆ ಹೋಗಿ ನಿಲ್ಲುವುದು ಎರಡೂ ಟರ್ಬೊ ಬದಲಿಸುವಲ್ಲಿ, ಅದು ಲಕ್ಷಗಳ ಮಾತು. ಬೆಂಗಳೂರಿನ ಕೆಎ ನೋಂದಣಿಯ ಗಾಡಿಯಲ್ಲಿ ಆ ಸದ್ದು ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದೇ ಮನೆಗೆ ಬಂತು.

ತಪಾಸಣೆ, ಹೆಸರು ಬದಲಾವಣೆ, ತಂದ ಪೆಟ್ರೋಲ್ ಎಲ್ಲ ಸೇರಿ 25,000. ಕೈಯಲ್ಲಿ ಉಳಿದದ್ದು 2.35 ಲಕ್ಷ.

ಮೊದಲ ಏಳು ತಿಂಗಳು

ನಮ್ಮ ಕಡೆ ಶೌಕ್ ಎಂಬ ಮಾತಿದೆ. ಪಾರಿವಾಳ ಸಾಕುವವರದು, ಅತ್ತರಿನವರದು, ಹಳೆ ರೇಡಿಯೊದವರದು ಶೌಕ್. ಅದೇ ಮಾತು ಬೆಂಗಳೂರು, ಮೈಸೂರು ಕಡೆ ಹೋಗಿ ಶೋಕಿಯಾಗಿದೆ, ಅಲ್ಲಿ ಅದು ಬೈಗುಳದ ಹತ್ತಿರ. ಈ ಏಳು ತಿಂಗಳ "ಯಾಕೆ ಹೋದದ್ದು" ಕಾಲಂ ಓದಿದರೆ ಮಾಲೀಕರು ಶೌಕ್ ಎಂದುಕೊಂಡು ಕೊಂಡ ಗಾಡಿಯನ್ನು ಶೋಕಿಗೆ ಓಡಿಸುತ್ತಿದ್ದರು ಎಂಬುದು ಕಾಣುತ್ತದೆ. 96 ಓಟಗಳಲ್ಲಿ 61 ಊರೊಳಗಿನವು. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಗೆಳೆಯರ ಅಂಗಡಿ, ಮತ್ತೆ ಸೂಪರ್ ಮಾರ್ಕೆಟ್. ಹನ್ನೊಂದು ಓಟಕ್ಕೆ ಕಾರಣ "ಮದುವೆ". ಉಳಿದ 24 ಮಾತ್ರ ಊರ ಹೊರಗೆ.

ಊರೊಳಗೆ ಈ ಗಾಡಿ ಕೊಡುವ ಸುಖ ಬೇರೆಯವರ ಕಣ್ಣಿನಿಂದ ಬರುವುದು, ಗಾಡಿಯಿಂದಲ್ಲ. ಹುಡುಗರು ಫೋನ್ ಹಿಡಿದು ಬೆನ್ನಟ್ಟುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಪೈಪ್ ಹಿಡಿದವನು ಮೊದಲು ರೇಟು ಕೇಳುತ್ತಾನೆ. ಅದೂ ಒಂದು ಸುಖವೇ, ಸುಳ್ಳಲ್ಲ. ಎರಡು ತಿಂಗಳು ಬರುತ್ತದೆ. ಆದರೆ ಅಂಗಡಿಯ ಮುಂದೆ ನಿಲ್ಲಿಸಿದ್ದಕ್ಕೆ ಯಾರೂ ಎಣಿಸದ ಬೆಲೆ ತೆರಬೇಕಾಯಿತು. ಜೇವರ್ಗಿ, ಅಫಜಲಪುರ ಕಡೆಯಿಂದ ಸುಟ್ಟ ಮೋಟಾರ್ ಹೊತ್ತು ಬರುವ ರೈತರು ಗಾಡಿ ನೋಡಿ, ಬಿಲ್ಲು ನೋಡಿ, "ಸಾಹುಕಾರ್ರ, ನಮ್ಮ ರೊಕ್ಕದಾಗೇ ಇದು ಬಂದದೇನ್ರಿ?" ಎನ್ನತೊಡಗಿದರು. ನಗುತ್ತಲೇ ಕೇಳಿದ್ದು, ಆದರೆ ಪ್ರತಿ ಬಿಲ್ಲಿನ ಮೇಲೂ ಇನ್ನೂರು ಮುನ್ನೂರು ಚೌಕಾಸಿ ಹೆಚ್ಚಾಯಿತು. ಡಿಸೆಂಬರಿನಿಂದ ಅಂಗಡಿಗೆ ಹಳೆ ಹ್ಯಾಚ್‌ಬ್ಯಾಕೇ ಹೋಗತೊಡಗಿತು. ಗಾಡಿಯ ವಿಷಯದಲ್ಲಿ ಅವರು ತೆಗೆದುಕೊಂಡ ಮೊದಲ ಸರಿಯಾದ ತೀರ್ಮಾನ ಇದು, ಅದನ್ನು ತೆಗೆದುಕೊಂಡದ್ದು ಬೇಜಾರಿನಲ್ಲಿ.

ಈ ನಡುವೆ ಎರಡು ದೊಡ್ಡ ಖರ್ಚು ಬಂದವು. ಒಂದು ನೀರಿನ ಪಂಪು. ಎನ್54ರಲ್ಲಿ ಎಂಜಿನ್ ತಣಿಸುವ ಕೂಲಂಟ್ ತಿರುಗಿಸುವ ಪಂಪು ಬೆಲ್ಟಿನದಲ್ಲ, ವಿದ್ಯುತ್ ಮೋಟಾರಿನದು. ಸೋರುವುದಿಲ್ಲ, ಕಿರುಗುಟ್ಟುವುದಿಲ್ಲ, ಒಂದು ದಿನ ನಿಂತುಬಿಡುತ್ತದೆ. ನಿಂತರೆ ಅಲ್ಲೇ ಎಂಜಿನ್ ಆರಿಸಬೇಕು, ಮುಂದಿನ ಊರು ಹತ್ತಿರದಲ್ಲಿದೆ ಎಂದು ಓಡಿಸಿದರೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಾಗುತ್ತದೆ. ಆದ್ದರಿಂದ ಕೆಡುವ ಮೊದಲೇ ಥರ್ಮೋಸ್ಟಾಟ್ ಸಮೇತ ಬದಲಿಸಿ ಎಂದು ತಪಾಸಣೆಯವರು ಬರೆದುಕೊಟ್ಟಿದ್ದರು. 68,000 ರೂಪಾಯಿ. ಮೋಟಾರೇ ತಾನೆ, ನಾನೇ ವೈಂಡ್ ಮಾಡುತ್ತೇನೆ ಎಂಬ ಹಟ ಮಾಲೀಕರದು. ತೆಗೆದ ಹಳೆ ಪಂಪನ್ನು ಕೇಳಿ ತಂದು ಬಿಚ್ಚಿದರು. ವೈಂಡಿಂಗ್ ಹೊಸದರಂತಿತ್ತು, ಬೇರಿಂಗೂ ಸರಿಯಿತ್ತು. ಹಿಂಬದಿಯಲ್ಲಿ ರಾಳದಂಥ ವಸ್ತುವಿನಲ್ಲಿ ಹೂತುಹೋದ ಎಲೆಕ್ಟ್ರಾನಿಕ್ ಬೋರ್ಡೊಂದು ಬಿಸಿಗೆ ಕಂದಿತ್ತು. ಇಂಥ ಪಂಪು ಸಾಮಾನ್ಯವಾಗಿ ಸಾಯುವುದು ತಾಮ್ರದಲ್ಲಲ್ಲ, ಆ ಬೋರ್ಡಿನಲ್ಲಿ, ಅದನ್ನು ಕೆತ್ತಿ ತೆಗೆದರೆ ಉಳಿಯುವುದಿಲ್ಲ. ಆ ಪಂಪು ಈಗಲೂ ಅಂಗಡಿಯ ಶೆಲ್ಫಿನ ಮೇಲಿದೆ.

ಇನ್ನೊಂದು ಟೈರು. ಜೇವರ್ಗಿ ರಸ್ತೆಯಲ್ಲಿ ಬಿಳಿ ಪಟ್ಟೆಯಿಲ್ಲದ ಹಂಪೊಂದನ್ನು ದಾಟುವಾಗ ಮುಂದಿನ ಎಡ ರಿಮ್ ಬಾಗಿತು. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣು, ಅದರ ಮೇಲಿನ ಡಾಂಬರು ವರ್ಷದೊಳಗೆ ಅಲೆಯಾಗುತ್ತದೆ. ಗಾಡಿಯಲ್ಲಿದ್ದದ್ದು 18 ಇಂಚಿನ ರಿಮ್, ಟೈರು ಮುಂದೆ 225/40, ಹಿಂದೆ 255/35. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಒಂಬತ್ತು ಸೆಂಟಿಮೀಟರ್ ರಬ್ಬರ್, ಅದೂ ಗೋಡೆ ಬಿರುಸಾದ ರನ್‌ಫ್ಲಾಟ್. ರನ್‌ಫ್ಲಾಟ್ ಗಾಳಿ ಹೋದರೂ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ಓಡುತ್ತದೆ, ಅದಕ್ಕೇ ಈ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಮಾಲೀಕರು ಅದೇ ಗಾಡಿಗೆ ಬರುತ್ತಿದ್ದ 17 ಇಂಚಿನ ಹಳೆ ರಿಮ್ ನಾಲ್ಕು ಹುಡುಕಿ, ಮುಂದೆ 225/45, ಹಿಂದೆ 255/40 ಸಾದಾ ಟೈರು ಹಾಕಿಸಿದರು. ರಬ್ಬರಿನ ಎತ್ತರ ಹತ್ತು ಸೆಂಟಿಮೀಟರ್ ದಾಟಿತು, ಚಕ್ರದ ಒಟ್ಟು ವ್ಯಾಸ ಮೂರು ಮಿಲಿಮೀಟರ್ ಕೂಡ ಬದಲಾಗಲಿಲ್ಲ, ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ಡಿಕ್ಕಿಯಲ್ಲಿ 12 ವೋಲ್ಟಿನ ಗಾಳಿ ಪಂಪು, ಪಂಚರ್ ಹಗ್ಗ ಬಂದು ಕೂತವು. 1.12 ಲಕ್ಷ. ಈ ಪ್ರಕರಣದಲ್ಲಿ ಖರ್ಚು ಮಾಡಿದ ದುಡ್ಡಿಗೆ ತಕ್ಕ ಸುಖ ಅಂದೇ ಕೊಟ್ಟದ್ದು ಇದೊಂದೇ. ಮಂದಿ ಮಾಡುವುದು ಇದರ ಉಲ್ಟಾ, 19 ಇಂಚಿಗೆ ಏರಿಸುತ್ತಾರೆ.

ಬರಾತು, ಮಹಾಗಾಂವ್ ಕ್ರಾಸ್, ಬೇವಿನ ಹೂವು

2023ರ ಏಪ್ರಿಲ್ ಕೊನೆಯ ವಾರ ಕಾಕಾನ ಮಗನ ಮದುವೆ. "ಅಣ್ಣಾ, ಗಾಡಿ ನಿಂದೇ ಬೇಕು ನೋಡು, ಛತ್ತ್ ತೆಗದು ಕೂಡ್ತೀವಿ." ಬರಾತು, ಅಂದರೆ ಮದುಮಗನ ಮೆರವಣಿಗೆ, ಡಿಜೆ ವಾಹನದ ಹಿಂದೆ ಎರಡು ತಾಸು, ಒಂದೂಕಾಲು ಕಿಲೋಮೀಟರ್. ಸಂಜೆ ಏಳಕ್ಕೂ 38 ಡಿಗ್ರಿ.

ಈ ಗಾಡಿಯ ಗೇರ್‌ಬಾಕ್ಸ್ ಏಳು ವೇಗದ ಎರಡು ಕ್ಲಚ್ಚಿನದು. ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಓಡುವಾಗ ಗಟ್ಟಿಯಾಗಿ ಹಿಡಿದಿರುತ್ತವೆ, ತೆವಳುವಾಗ ಮಾತ್ರ ಅರೆಹಿಡಿತದಲ್ಲಿ ಜಾರುತ್ತಲೇ ಇರುತ್ತವೆ. ಸಾದಾ ಆಟೋಮ್ಯಾಟಿಕ್ಕಿನಲ್ಲಿ ಆ ಕೆಲಸ ಎಣ್ಣೆಯ ಟಾರ್ಕ್ ಕನ್ವರ್ಟರ್ ಮಾಡುತ್ತದೆ, ಇದರಲ್ಲಿ ಅದಿಲ್ಲ. ನಡೆಯುವವರ ವೇಗದಲ್ಲಿ ಎರಡು ತಾಸು ಜಾರಿಸಿದರೆ ಎಲ್ಲ ಬಿಸಿಯೂ ಎಣ್ಣೆಗೆ. ಎಪ್ಪತ್ತನೇ ನಿಮಿಷಕ್ಕೆ ಗೇರ್‌ಬಾಕ್ಸ್ ಬಿಸಿಯ ಎಚ್ಚರಿಕೆ ಬಂತು. ಮದುಮಗ ಗಾಡಿಯಲ್ಲಿದ್ದ. ನಿಲ್ಲಿಸಲಿಲ್ಲ.

ಮರುದಿನದಿಂದ ಮೊದಲನೇ ಗೇರಿನಲ್ಲಿ ಹೊರಡುವಾಗ ನಡುಕ. ಇಂಥ ಜಾಗದಲ್ಲಿ ಮಾಡಬೇಕಾದ್ದು ಇಷ್ಟೇ: ಒಂದು ಗಾಡಿಯ ಉದ್ದ ಜಾಗ ಆಗುವವರೆಗೂ ಬ್ರೇಕ್ ಒತ್ತಿ ಪೂರಾ ನಿಂತಿರುವುದು, ಆಮೇಲೆ ಒಮ್ಮೆ ಹೊರಟು ಮತ್ತೆ ಪೂರಾ ನಿಲ್ಲುವುದು. ತೆವಳಬಾರದು. ಬರಾತಿನಲ್ಲಿ ಅದು ಆಗದ ಮಾತು, ಆದ್ದರಿಂದ ಬರಾತಿಗೆ ಇಂಥ ಗಾಡಿಯೇ ಆಗದು. ಆಮೇಲೆ ಅವರು ಯಾರ ಮದುವೆಗೂ ಗಾಡಿ ಕೊಡಲಿಲ್ಲ. ಇನ್ನೊಬ್ಬ ತಮ್ಮ ಅದಕ್ಕೇ ಮಾತು ಬಿಟ್ಟಿದ್ದ ಎಂದು ಅದೇ ಕಾಲಂನಲ್ಲಿ ಒಂದು ಸಾಲಿದೆ.

ಮೇ ಎರಡನೇ ವಾರ ಹುಮನಾಬಾದ್ ಕಡೆಯಿಂದ ಬರುವಾಗ ಮಹಾಗಾಂವ್ ಕ್ರಾಸ್ ಹತ್ತಿರ ಎಂಜಿನ್ ಅರ್ಧ ಶಕ್ತಿಗೆ ಇಳಿಯಿತು. ಆಕ್ಸಿಲರೇಟರ್ ಒತ್ತಿದರೂ ಏಳಲೊಲ್ಲದು. ಆರಿಸಿ ಹಚ್ಚಿದರೆ ಸ್ಟಾರ್ಟರ್ ಐದಾರು ಸೆಕೆಂಡ್ ತಿರುಗಿದ ಮೇಲೆ ಹತ್ತುತ್ತದೆ. ಊರಲ್ಲಿ ಕೇಳಿದ ನಾಲ್ವರಲ್ಲಿ ನಾಲ್ವರೂ ಪೆಟ್ರೋಲ್ ಕೆಟ್ಟದ್ದು ಎಂದರು. ಟ್ಯಾಂಕ್ ಖಾಲಿ ಮಾಡಿಸಿದರು. ಸರಿಹೋಗಲಿಲ್ಲ. ಆರು ಸ್ಪಾರ್ಕ್ ಪ್ಲಗ್ ಬದಲಿಸಿದರು, 9,000. ಸರಿಹೋಗಲಿಲ್ಲ. ಮೂರು ವಾರ ಹೋಯಿತು.

ಎನ್54 ಬಲ್ಲವರು ಆ ಲಕ್ಷಣ ಕೇಳಿದ ಕೂಡಲೇ ಅಧಿಕ ಒತ್ತಡದ ಪೆಟ್ರೋಲ್ ಪಂಪಿನತ್ತ ಬೊಟ್ಟು ಮಾಡುತ್ತಾರೆ. 2010ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಇದೇ ಪಂಪಿಗಾಗಿ ಸುಮಾರು 1.3 ಲಕ್ಷ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿತ್ತು. ಪತ್ತೆಗೆ ಬೇಕಾದದ್ದು ಆ ಗಾಡಿಯ ಭಾಷೆ ಗೊತ್ತಿರುವ ಒಂದು ಸ್ಕ್ಯಾನರ್, ಹತ್ತು ನಿಮಿಷ. ಟ್ಯಾಂಕಿನ ಪಂಪು ಕೊಡುವ ಕೆಳಒತ್ತಡ 5 ಬಾರ್ (ಒತ್ತಡದ ಅಳತೆ) ಆಸುಪಾಸು ನಿಂತಿರಬೇಕು. ಇಂಜೆಕ್ಟರ್ ಕಡೆಯ ಮೇಲೊತ್ತಡ ಐಡಲಿನಲ್ಲಿ 50 ಬಾರ್, ಜಗ್ಗುವಾಗ 200 ಬಾರ್ ವರೆಗೆ ಏರಬೇಕು. ಕೆಳಗಿನದು ಸರಿಯಿದ್ದು ಮೇಲಿನದು ಜಗ್ಗುವಾಗ ಕುಸಿದರೆ ಪಂಪೇ. ಎರಡೂ ಕುಸಿದರೆ ಮೊದಲು ಟ್ಯಾಂಕಿನ ಪಂಪು, ಫಿಲ್ಟರ್ ನೋಡಬೇಕು. ಇಲ್ಲಿ 29ಎಫ್2 ಎಂಬ ಕೋಡ್ ಇತ್ತು, ಆದರೆ ಊರಿನ ಸಾದಾ ಸ್ಕ್ಯಾನರ್ ಅದನ್ನು ಓದದೆ ಬರೀ "ಇಂಧನ ವ್ಯವಸ್ಥೆ" ಎಂದು ತೋರಿಸಿತ್ತು. ಕೆಟ್ಟ ಪೆಟ್ರೋಲಿನ ಮಾತು ಹುಟ್ಟಿದ್ದು ಅಲ್ಲಿಂದ.

ಅದುವರೆಗೂ ಗಾಡಿ ನಿಂತದ್ದು ಮನೆ ಮುಂದಿನ ಬೇವಿನ ಮರದ ಕೆಳಗೆ, ನೆರಳಿರಲಿ ಎಂದು. ಬೇಸಗೆಯಿಡೀ ಉದುರಿದ ಹೂವು, ಸಣ್ಣ ಎಲೆ, ಧೂಳು ಛತ್ತಿನ ಅಂಚಿನ ಕಾಲುವೆಗಳಿಗೆ ಇಳಿದು ನೀರು ಹೋಗುವ ಕೊಳವೆ ಮುಚ್ಚಿಕೊಂಡಿತ್ತು. ಜೂನಿನ ಮೊದಲ ಮಳೆಗೆ ಡ್ರೈವರ್ ಕಾಲಡಿಯಲ್ಲಿ ಎರಡು ಇಂಚು ನೀರು. ಕಾರ್ಪೆಟ್ ಕೆಳಗಿನ ಸ್ಪಂಜು ಕುಡಿದ ನೀರು ಮೇಲಿನಿಂದ ಒಣಗುವುದಿಲ್ಲ, ಸೀಟು ಬಿಚ್ಚಿ ಎತ್ತಿ ಒಣಗಿಸಬೇಕು, ಇಲ್ಲದಿದ್ದರೆ ಕೆಳಗಿನ ವೈರುಗಳಿಗೆ ಕಿಲುಬು ಹಿಡಿಯುತ್ತದೆ. 9,000. ಕೊಳವೆಗೆ ಗಾಳಿ ಹೊಡೆಯಬಾರದು, ಒಳಗಿನ ಜೋಡಣೆ ಕಳಚಿದರೆ ನೀರು ಕಾಣದ ಜಾಗಕ್ಕೆ ಹೋಗುತ್ತದೆ. ಮಾಲೀಕರು ಮೋಟಾರಿನ ಕಾಯಿಲ್ ತುದಿಗೆ ಹಾಕುವ ನಾಲ್ಕು ಮಿಲಿಮೀಟರ್ ಸ್ಲೀವ್ ಕೊಳವೆಯನ್ನೇ ಮೆಲ್ಲಗೆ ತೂರಿಸಿ ಬಿಡಿಸಿದರು. ಈಗ ವರ್ಷಕ್ಕೆರಡು ಸಲ, ಮೇ ಕೊನೆಗೆ ಮತ್ತು ದಸರೆಗೆ, ಇದು ತಪ್ಪದೆ ನಡೆಯುತ್ತದೆ.

ಮಾರಬೇಕೇ ಎಂಬ ಪ್ರಶ್ನೆ

ಜೂನಿನಲ್ಲಿ ಲೆಕ್ಕ ಹೀಗಿತ್ತು. ವಿಮೆ 46,000, ನೀರಿನ ಪಂಪು 68,000, ರಿಮ್ ಟೈರು 1.12 ಲಕ್ಷ, ಆಯಿಲ್ ಸರ್ವಿಸ್ 14,500, ಪ್ಲಗ್, ಕಾರ್ಪೆಟ್ 18,000. ಮುಂದೆ ಬರಲಿದ್ದದ್ದು ಪೆಟ್ರೋಲ್ ಪಂಪು ಮಜೂರಿ ಸೇರಿ 74,000, ಹೈದರಾಬಾದಿಗೆ ಫ್ಲಾಟ್‌ಬೆಡ್ 18,000. ಕೂಡಿಸಿದರೆ 3.50 ಲಕ್ಷ ದಾಟುತ್ತದೆ, ಇದ್ದದ್ದು 2.35 ಲಕ್ಷ. ಒಂದು ಲಕ್ಷದ ಹದಿನೈದು ಸಾವಿರ ಕೊರತೆ. ಅದು ಬಂದದ್ದು ಅಂಗಡಿಗೆ ತಾಮ್ರದ ತಂತಿ ತರುವ ದುಡ್ಡಿನಿಂದ. ಫೆಬ್ರವರಿಯಿಂದ ಮೇ ತನಕ ಪಂಪ್‌ಸೆಟ್ ಸುಡುವ ಕಾಲ, ವರ್ಷದ ದುಡಿಮೆಯ ದೊಡ್ಡ ಪಾಲು ಆಗಲೇ. ಆ ಮೇ ತಿಂಗಳಲ್ಲಿ ತಂತಿ ಇಲ್ಲದೆ ಎರಡು ಸಲ ಗಿರಾಕಿಗಳನ್ನು ವಾಪಸ್ ಕಳಿಸಬೇಕಾಯಿತು. ಈ ಪ್ರಕರಣದ ನಿಜವಾದ ತಪ್ಪು ಅಲ್ಲಿದೆ, ಗಾಡಿ ಕೊಂಡದ್ದರಲ್ಲಿ ಅಲ್ಲ. 22 ಲಕ್ಷವಿದ್ದವರು 16 ಲಕ್ಷದ ಗಾಡಿ ಹುಡುಕಬೇಕಿತ್ತು, ಇಲ್ಲವೇ ಇನ್ನೆರಡು ವರ್ಷ ಕಾಯಬೇಕಿತ್ತು.

ವ್ಯಾಪಾರಿಯೊಬ್ಬರು ಗಾಡಿ ಇದ್ದ ಹಾಗೇ 14.50 ಲಕ್ಷಕ್ಕೆ ಕೇಳಿದರು. ಮನೆಯವರು ಕೊಟ್ಟುಬಿಡಿ ಎಂದರು. ತಡೆದದ್ದು ಹೆಂಡತಿಯ ಸೀದಾ ಲೆಕ್ಕ. ಕೆಟ್ಟು ನಿಂತ ಗಾಡಿಯನ್ನು ಮಾರುವಾಗ ಕೊಳ್ಳುವವನು ಎಂಜಿನ್ನೇ ಹೋಗಿದೆ ಎಂಬ ಭಯದ ಬೆಲೆ ಕೇಳುತ್ತಾನೆ. ರಿಪೇರಿಗೆ ತೊಂಬತ್ತೆರಡು ಸಾವಿರ ಹಾಕಿ ಓಡುವ ಗಾಡಿ ಮಾಡಿದರೆ 18 ಲಕ್ಷದ ಹತ್ತಿರ ಬರುತ್ತದೆ. ಮಾರುವುದಾದರೂ ರಿಪೇರಿ ಮಾಡಿಸಿಯೇ ಮಾರಬೇಕು. ಮಾರುವ ಮಾತು ಆಮೇಲೆ.

ಫ್ಲಾಟ್‌ಬೆಡ್ಡಿಗೆ ಹತ್ತಿಸುವುದು ಬೇರೆಯೇ ಕಥೆ. ಹಿಂದಿನ ಚಕ್ರ ಎಳೆಯುವ ಗಾಡಿ, ಹಿಂದಿನ ಚಕ್ರ ನೆಲದ ಮೇಲಿಟ್ಟು ಎಳೆದೊಯ್ದರೆ ಗೇರ್‌ಬಾಕ್ಸ್ ಹಾಳು, ಆದ್ದರಿಂದ ಫ್ಲಾಟ್‌ಬೆಡ್ಡೇ ಆಗಬೇಕು. ಮುಂದಿನ ಬಂಪರ್ ತಗ್ಗು, ರ‍್ಯಾಂಪಿಗೆ ತಾಗುತ್ತದೆ. ಯಾರೋ ಮುಂದಾಗಿ ಪಕ್ಕದ ಮನೆ ಕಟ್ಟಲು ಬಿದ್ದಿದ್ದ ಶಹಾಬಾದ್ ಪರಸಿ ಎರಡು ತಂದು ಚಕ್ರಕ್ಕೆ ಕೊಟ್ಟರು. ಆ ಕಲ್ಲು ನೆಲಕ್ಕೆ ಗಟ್ಟಿ, ನಡುವೆ ಆಸರೆಯಿಲ್ಲದಿದ್ದರೆ ಹಪ್ಪಳದಂತೆ ಮುರಿಯುತ್ತದೆ. ಮುರಿಯಿತು. ಪುಣ್ಯಕ್ಕೆ ಚಕ್ರ ಇನ್ನೂ ಅಂಚಿನಲ್ಲಿತ್ತು. ಆರು ಅಡಿಯ ಎರಡು ದಪ್ಪ ಹಲಗೆ ತಂದು ಇಳಿಜಾರು ಉದ್ದ ಮಾಡಿದ ಮೇಲೆ ಸಲೀಸಾಗಿ ಹತ್ತಿತು. ಜುಲೈಯಲ್ಲಿ ಪಂಪು ಬದಲಾಗಿ, ಸ್ಕ್ಯಾನರಿನಲ್ಲಿ ಕ್ಲಚ್ಚಿನ ಹಿಡಿತದ ಬಿಂದುವನ್ನು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಮತ್ತೆ ಕಲಿಸಿ, ಗಾಡಿ ಓಡುತ್ತಾ ವಾಪಸ್ ಬಂತು. ನಡುಕವೂ ಹೋಗಿತ್ತು.

ಮಾರಾಟ ದೀಪಾವಳಿ ಕಳೆದ ಮೇಲೆ ಎಂದು ಮುಂದೆ ಹೋಯಿತು.

ನೋಟ್‌ಬುಕ್ಕಿನ ಕಾಲಂ ಬದಲಾದದ್ದು

ನವೆಂಬರಿನಿಂದ ನಮೂದುಗಳ ಬಣ್ಣವೇ ಬೇರೆ. ಹೊರಡುವ ಹೊತ್ತು ಐದೂವರೆ, ಆರು. ದಾರಿ ಹುಮನಾಬಾದ್ ರಸ್ತೆ, ಕಮಲಾಪುರದ ತನಕ, ಅಲ್ಲಿ ಚಹಾ, ಕೆಂಪು ಬಾಳೆಹಣ್ಣು, ವಾಪಸ್. ಎಂಟರೊಳಗೆ ಮನೆ. ಛತ್ತು ತೆರೆಯಲು 20 ಸೆಕೆಂಡು ಸಾಕು. ಡಿಕ್ಕಿ 310 ಲೀಟರಿನಿಂದ 180ಕ್ಕೆ ಇಳಿಯುತ್ತದೆ, ಆದರೂ ಬಾಳೆಗೊನೆ ಹಿಡಿಸುತ್ತದೆ.

ಸುಖ ಎಲ್ಲಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಗಾಡಿಯ 250 ಕಿ.ಮೀ. ಗರಿಷ್ಠ ವೇಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲೂ ಕಾರಿಗೆ 100ರ ಮಿತಿ. ನಿಂತಲ್ಲಿಂದ ಆ 100 ಮುಟ್ಟಲು ಈ ಗಾಡಿಗೆ ಬೇಕಾದದ್ದು 5.1 ಸೆಕೆಂಡ್, ಅಲ್ಲಿಗೆ ವೇಗದ ಕಥೆ ಮುಗಿಯಿತು. ಉಳಿದದ್ದೆಲ್ಲ ಕೂಡುವ ಜಾಗದ್ದು. ಬಾನೆಟ್ ಉದ್ದ, ಡ್ರೈವರ್ ಕೂಡುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮುಂದೆಯೇ, ನೆಲಕ್ಕೆ ಒಂದೂವರೆ ಅಡಿ ಎತ್ತರದಲ್ಲಿ. ತಿರುವಿನಲ್ಲಿ ಗಾಡಿ ಏನು ಮಾಡುತ್ತಿದೆ ಎಂದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. ಎಪ್ಪತ್ತರಲ್ಲಿ ಹೋದರೂ ನೂರರಲ್ಲಿ ಹೋದಂತಿರುತ್ತದೆ. ಎತ್ತರದ ಎಸ್‌ಯುವಿಯಲ್ಲಿ ನೂರು ಅರವತ್ತರಂತೆ ಅನ್ನಿಸುತ್ತದೆ, ಲೈಸನ್ಸ್ ಕಳೆದುಕೊಳ್ಳುವುದು ಅಂಥ ಗಾಡಿಯಲ್ಲೇ ಸುಲಭ. ಇನ್ನು 400 ನ್ಯೂಟನ್‌ಮೀಟರಿನ ಎಳೆತ 1,300 ಆರ್‌ಪಿಎಂನಿಂದಲೇ ಸಿಗುವುದರಿಂದ ಎಂಜಿನ್ನನ್ನು ಚೀರಿಸುವ ಅಗತ್ಯವೇ ಬರುವುದಿಲ್ಲ. ಛತ್ತು ತೆರೆದಿದ್ದರೆ ನವೆಂಬರಿನ ತೊಗರಿ ಹೂವಿನ ವಾಸನೆ, ಕಬ್ಬಿನ ಗಾಡಿಯ ವಾಸನೆ, ತಗ್ಗಿನಲ್ಲಿ ಒಮ್ಮೆಲೆ ತಣ್ಣಗಾಗುವ ಗಾಳಿ. ಬೈಕಿನವರಿಗೆ ಇದೆಲ್ಲ ಗೊತ್ತು, ಕಾರಿನವರಿಗೆ ಮರೆತುಹೋಗಿರುತ್ತದೆ.

ಡಿಸೆಂಬರ್ ಕೊನೆಗೆ ಹೆಂಡತಿ ಜೊತೆಗೆ ಬರತೊಡಗಿದರು. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದ ದಿನಗಳು, ರಸ್ತೆ ಬದಿ ಹೊಲದಲ್ಲಿ ಸೀತನಿ ಸುಡುತ್ತಿದ್ದರು. ಕುಳ್ಳಿನ ಕೆಂಡದಲ್ಲಿ ತೆನೆ ಹೊರಳಿಸಿ, ಬಿಸಿಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ಅಂಗೈಗೆ ಸುರಿದುಕೊಂಡು ತಿನ್ನುವುದು. ಹದಿನೆಂಟು ವರ್ಷದ ಸಂಸಾರದಲ್ಲಿ ಅತ್ತೆ, ಮಕ್ಕಳು, ಯಾವುದೋ ನೆಂಟರು ಇಲ್ಲದೆ ಇಬ್ಬರೇ ಗಾಡಿ ಹತ್ತಿದ್ದು ಅದೇ ಮೊದಲು. ಎಸ್‌ಯುವಿ ಬಂದಿದ್ದರೆ ಅದು ಆಗುತ್ತಿರಲಿಲ್ಲ, ಖಾಲಿ ಸೀಟಿದ್ದರೆ ಕೂಡುವವರು ಇದ್ದೇ ಇರುತ್ತಾರೆ. ಇಬ್ಬರದೇ ಗಾಡಿ ಯಾಕೆಂದು ಕೇಳಿದ ನೆರೆಮನೆಯವರಿಗೆ ಹೆಂಡತಿ ಹೇಳಿದ್ದು: "ಮೂರನೇ ಮಂದಿಗಿ ಇದರಾಗ ಜಾಗಾನೇ ಇಲ್ಲರಿ, ಅದಕ್ಕೇ ಛಲೋ ಅದ." ಮಾರುವ ಮಾತು ನೋಟ್‌ಬುಕ್ಕಿನಲ್ಲಿ ಮತ್ತೆ ಕಾಣುವುದಿಲ್ಲ.

ಮೊದಲ ವರ್ಷ 6,800 ಕಿ.ಮೀ., ಲೀಟರಿಗೆ 8. ಪೆಟ್ರೋಲ್ ಸೇರಿ ಕಿಲೋಮೀಟರಿಗೆ 64 ರೂಪಾಯಿ. ಎರಡನೇ ವರ್ಷ 5,200 ಕಿ.ಮೀ., ಊರೊಳಗಿನ ಓಟ ನಿಂತದ್ದರಿಂದ ಲೀಟರಿಗೆ 9ರ ಮೇಲೆ, ಬ್ಯಾಟರಿ, ಮುಂದಿನ ಬ್ರೇಕ್ ಪ್ಯಾಡ್, ವಿಮೆ, ಸರ್ವಿಸ್ ಎಲ್ಲ ಸೇರಿ ಕಿಲೋಮೀಟರಿಗೆ 32. ಓಟ ಕಡಿಮೆಯಾದರೂ ಖರ್ಚು ಅರ್ಧವಾದದ್ದಕ್ಕೆ ಕಾರಣ ಅದೃಷ್ಟವಲ್ಲ, ಮೊದಲ ವರ್ಷ ಬದಲಿಸಿದ್ದು ಎರಡನೇ ವರ್ಷ ಕೆಡಲಿಲ್ಲ.

ಇಂಥ ಗಾಡಿ ನೋಡುತ್ತಿರುವವರು ಇದರಿಂದ ತೆಗೆದುಕೊಳ್ಳಬಹುದಾದ್ದು ಕೆಲವು. ಬೆಲೆಯ ಕಾಲು ಭಾಗವನ್ನು ಮೊದಲ ವರ್ಷಕ್ಕೆಂದು ಬೇರೆ ತೆಗೆದಿಡಿ, ಅದು ದುಡಿಮೆಯ ದುಡ್ಡಾಗಿರಬಾರದು. ಮನೆಯಲ್ಲಿ ಇನ್ನೊಂದು ಗಾಡಿ ಇರಲೇಬೇಕು, ಕೆಟ್ಟಾಗ ಆತುರ ಬೀಳದಿರಲು. ಕಲಬುರಗಿಯಿಂದ ಹೈದರಾಬಾದಿನ ಸರ್ವಿಸ್ ಸೆಂಟರಿಗೆ 220 ಕಿ.ಮೀ., ಆದ್ದರಿಂದ ಗಾಡಿಗಿಂತ ಮೊದಲು ಅದರ ಕೋಡ್ ಓದುವ ಸ್ಕ್ಯಾನರ್ ಕೊಳ್ಳಿ. ಅದು ಇವರ ಬಳಿ ಮೊದಲೇ ಇದ್ದಿದ್ದರೆ ಮೂರು ವಾರ, ಆರು ಪ್ಲಗ್ ಉಳಿಯುತ್ತಿದ್ದವು, ಬೇವಿನ ಕೆಳಗೆ ಗಾಡಿ ಅಷ್ಟು ದಿನ ನಿಲ್ಲುತ್ತಲೂ ಇರಲಿಲ್ಲ. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯ ಮಾಲೀಕರೂ ಕಂಪನಿಯೂ ಒಪ್ಪಿ ನಿಗದಿ ಮಾಡುವಂಥದ್ದು, ಏಜೆಂಟರು ಬರೆದದ್ದಕ್ಕೆ ಸಹಿ ಹಾಕಬೇಡಿ. ಎಂಜಿನ್ ಆಯಿಲ್ ಆರೂವರೆ ಲೀಟರ್, ಬಿಎಂಡಬ್ಲ್ಯು ಹೇಳುವ ಲಾಂಗ್‌ಲೈಫ್-01 ದರ್ಜೆಯದು. ಪುಸ್ತಕದಲ್ಲಿ ಎಷ್ಟೇ ಬರೆದಿರಲಿ ನಮ್ಮ ಬಿಸಿಲಿಗೆ ಏಳೂವರೆ ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ. ಪೆಟ್ರೋಲಿನಲ್ಲಿ ಎಥೆನಾಲ್ ಶೇ. 20ಕ್ಕೆ ಏರಿದ ಮೇಲೆ 2011ರ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಆರು ತಿಂಗಳಿಗೊಮ್ಮೆ ಬೆರಳಿಟ್ಟು ನೋಡಬೇಕು, ಬಿರುಕು ಬಿಟ್ಟದ್ದನ್ನು ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಗೆ ಚಾರ್ಜರ್ ಹಚ್ಚಿಡಬೇಕು, ವೋಲ್ಟೇಜ್ ಇಳಿದರೆ ಛತ್ತು ಅರ್ಧಕ್ಕೇ ನಿಲ್ಲುತ್ತದೆ.

2025ರಲ್ಲಿ ಮಾಲೀಕರ ಮುಂದಿದ್ದದ್ದು ಎರಡು ವಿಷಯ. ಹದಿನೈದು ವರ್ಷದ ನೋಂದಣಿ 2026ಕ್ಕೆ ಮುಗಿಯುವುದಿತ್ತು, ಫಿಟ್‌ನೆಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕಿತ್ತು. ಅದಕ್ಕೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ ಎಂಟು ಸಾವಿರದ ಆರ್‌ಡಿ ಬೇರೆಯೇ ಇತ್ತು. ಇನ್ನೊಂದು ವಿಷಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಕಮಲಾಪುರಕ್ಕೆ ಹೊರಡುವ ಮೊದಲು, ಎಂಜಿನ್ ತಣ್ಣಗಿರುವಾಗ, ಸ್ಕ್ರೂಡ್ರೈವರ್ ಟರ್ಬೊ ಪಕ್ಕದ ಬ್ರಾಕೆಟ್ಟಿಗೆ ಒತ್ತಿ ಕಿವಿ ಕೊಟ್ಟು ಬರೆದದ್ದು: "1,800 ಆರ್‌ಪಿಎಂ. ಕಾಲು ಬಿಟ್ಟಾಗ, ಸಣ್ಣಗೆ. ಮುಂದಿನ ಐತವಾರ ಮತ್ತ ಕೇಳಬೇಕು."